ಸನ್ನೆ ಭಾಷೆ ಕಲಿಸಿದರೆ ಮಗು ಮಾತು ಕಲಿಯುವುದಿಲ್ಲವೇ?

ನಂಬಿಕೆ: “ಕಿವಿ ಕೇಳದ ಮಗುವಿಗೆ ಸನ್ನೆ ಭಾಷೆ ಕಲಿಸಬೇಡಿ, ಆಮೇಲೆ ಅದು ಮಾತಾಡುವುದೇ ಇಲ್ಲ.”

ವಾಸ್ತವ: ಇದು ತಪ್ಪು. ಮಾತು ತಡವಾಗುವುದು ಕಿವಿ ಕೇಳದಿರುವುದರಿಂದ, ಸನ್ನೆಯಿಂದಲ್ಲ. ಶ್ರವಣ ಸಾಧನ, ಮಾತಿನ ತರಬೇತಿಯ ಜೊತೆಗೇ ಸನ್ನೆ ಭಾಷೆಯನ್ನೂ ಕಲಿಸಬಹುದು.

ಕಾದರೆ ಏನಾಗುತ್ತದೆ?
ಮಿದುಳು ಭಾಷೆಯನ್ನು ಸಲೀಸಾಗಿ ಕಲಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಆಗ ಮಾತೂ ಕೇಳಿಸದೆ, ಸನ್ನೆಯೂ ಸಿಗದೆ ಹೋದರೆ ಮಗುವಿಗೆ ಯಾವ ಭಾಷೆಯೂ ದಕ್ಕುವುದಿಲ್ಲ. ಹೊಟ್ಟೆ ನೋಯುತ್ತಿದೆ ಎಂದು ಹೇಳುವುದೂ ಕಷ್ಟ. ಮುಂದೆ ಓದು ಬರಹವೂ ಕಷ್ಟ.

ಸನ್ನೆ ಭಾಷೆ ನಿಜವಾದ ಭಾಷೆಯೇ?
ಹೌದು. ಅದಕ್ಕೆ ತನ್ನದೇ ವ್ಯಾಕರಣವಿದೆ. ಭಾರತೀಯ ಸನ್ನೆ ಭಾಷೆಯ ನಿಘಂಟಿನಲ್ಲಿ 2021ರ ಹೊತ್ತಿಗೆ 10,000 ಪದಗಳಿದ್ದವು. ನಮ್ಮ ರಾಜ್ಯದಲ್ಲೇ, ಗೌರಿಬಿದನೂರು ತಾಲ್ಲೂಕಿನ ಅಲೀಪುರದಲ್ಲಿ ಕಿವುಡರು ಹೆಚ್ಚಿರುವುದರಿಂದ ಊರಿನದೇ ಸನ್ನೆ ಭಾಷೆ ಬೆಳೆದಿದೆ. ಕಿವಿ ಕೇಳುವವರಲ್ಲೂ ಹಲವರು ಅದನ್ನು ಬಲ್ಲರು. ಕೈ ಆಡಿತೆಂದು ಅವರ ನಾಲಿಗೆ ಕಟ್ಟಿಲ್ಲ.

ಏನು ಮಾಡಬೇಕು?
ದಂಡಿನಶಿವರವಾಗಲಿ, ಸುತ್ತಲಿನ ಹಳ್ಳಿಯಾಗಲಿ, ಮಗು ಸದ್ದಿಗೆ ತಿರುಗದಿದ್ದರೆ “ನಿಧಾನಕ್ಕೆ ಬರುತ್ತೆ” ಎಂದು ಸುಮ್ಮನಿರಬೇಡಿ. ಆಶಾ ಕಾರ್ಯಕರ್ತೆಗೆ ತಿಳಿಸಿ. ತುಮಕೂರಿನ ಜಿಲ್ಲಾ ಆಸ್ಪತ್ರೆಯಲ್ಲಿ ಅಥವಾ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ವಿಚಾರಿಸಿ. ಮಗುವಿನ ಜೊತೆ ಅಜ್ಜಿ, ತಾತ, ಅಣ್ಣ, ಅಕ್ಕ ಎಲ್ಲರೂ ಸನ್ನೆ ಕಲಿಯಿರಿ.

ಶಾಲೆಯಲ್ಲಿ ಕೇಳುವ ಹಕ್ಕೂ ನಿಮಗಿದೆ: ಕಿವುಡ ಮಕ್ಕಳಿಗೆ ಸೂಕ್ತ ಭಾಷೆಯಲ್ಲೇ ಪಾಠ ಸಿಗಬೇಕು ಎನ್ನುತ್ತದೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ.