ಒಂದೇ ಹಾಳಿ ಸವೆಯದಂತೆ

ಹೋದ ವರ್ಷ ನಮ್ಮ ವಾಚನಾಲಯದಾಗ ಒಂದು ಅನಾಹುತ ಆಯ್ತು. ಊರಿನ ನಾಲ್ವರು ವಯಸ್ಸಾದ ತಾಯಂದಿರಿಂದ ಹಾಡಿಸಿದ ಬೀಸುವ ಪದಗಳನ್ನು ಒಂದು ಮೆಮೊರಿ ಕಾರ್ಡಿನಲ್ಲಿ ಇಟ್ಟಿದ್ದೆವು. ಒಂದು ದಿನ ಆ ಕಾರ್ಡು ತೆರೆಯಲೇ ಇಲ್ಲ. ಅದು ಹೊಸ ಕಾರ್ಡಲ್ಲ. ಎರಡು ವರ್ಷ ಒಂದು ಅಂಗಡಿಯ ಕ್ಯಾಮೆರಾದಾಗ ಹಗಲು ರಾತ್ರಿ ಬರೆಸಿಕೊಂಡು, ಅಳಿಸಿಕೊಂಡು ದಣಿದದ್ದು. "ಒಳಗ ತಿರುಗೋ ಗಾಲಿ ಇಲ್ಲ, ಸವೆಯೋದೇನದ?" ಅಂತ ಹಿರಿಯರೊಬ್ಬರು ಕೇಳಿದರು. ಗಾಲಿ ಇಲ್ಲದಿದ್ದರೂ ಅದು ಸವೆಯುತ್ತದೆ.

1971ರಲ್ಲಿ ಇಂಟೆಲ್ ಕಂಪನಿಯ ಡೋವ್ ಫ್ರೋಮನ್ ಎಂಬವರು ಕರೆಂಟು ಹೋದರೂ ಬರೆದದ್ದನ್ನು ಮರೆಯದ ಚಿಪ್ಪೊಂದನ್ನು ಮಾಡಿದರು. ಆದರೆ ಅದನ್ನು ಅಳಿಸಬೇಕಾದರೆ ಯಂತ್ರದಿಂದ ಕಿತ್ತು, ನೇರಳಾತೀತ ದೀಪದ ಕೆಳಗೆ ಹಲವು ನಿಮಿಷ ಇಡಬೇಕಿತ್ತು. ಜಪಾನಿನ ತೋಶಿಬಾದಲ್ಲಿದ್ದ ಫುಜಿಯೊ ಮಸುವೊಕ ಈ ಕಷ್ಟ ತಪ್ಪಿಸಿದರು. ಒಂದು ಇಡೀ ಭಾಗವನ್ನು ವಿದ್ಯುತ್ತಿನಿಂದಲೇ ಒಮ್ಮೆಗೇ ಅಳಿಸುವ ಅವರ ಚಿಪ್ಪು 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಸಭೆಯೊಂದರಲ್ಲಿ ಲೋಕಕ್ಕೆ ತಿಳಿಯಿತು. ಅಳಿಸುವ ವೇಗ ನೋಡಿದ ಸಹೋದ್ಯೋಗಿಯೊಬ್ಬರಿಗೆ ಕ್ಯಾಮೆರಾದ ಫ್ಲ್ಯಾಷ್ ನೆನಪಾಯಿತಂತೆ. ಹೆಸರು ಅದೇ ನಿಂತಿತು. ಇಂದಿನ ಪೆನ್‌ಡ್ರೈವು, ಫೋನುಗಳಲ್ಲಿರುವ ಅಗ್ಗದ ನ್ಯಾಂಡ್ ಜಾತಿಯ ಫ್ಲ್ಯಾಷ್ ಬಂದದ್ದು 1987ರಲ್ಲಿ.

ಇದರ ದೋಷ ಹುಟ್ಟಿನಿಂದಲೇ ಬಂದದ್ದು. ಇದರೊಳಗಿನ ಒಂದೊಂದು ಕೋಶವೂ ಎಲೆಕ್ಟ್ರಾನುಗಳನ್ನು ಒಂದು ತೆಳು ಪೊರೆಯ ಆಚೆ ಕೂಡಿಹಾಕಿ ನೆನಪಿಡುತ್ತದೆ. ಬರೆಯುವಾಗ, ಅಳಿಸುವಾಗ ಹೆಚ್ಚಿನ ವೋಲ್ಟೇಜಿನಿಂದ ಅವನ್ನು ಆ ಪೊರೆಯ ಮೂಲಕವೇ ದಾಟಿಸಬೇಕು. ದಾಟಿದಷ್ಟೂ ಪೊರೆ ಕೆಡುತ್ತದೆ. ಶಾಲೆಯ ಹುಡುಗೂರು ವಹಿಯಲ್ಲಿ ಒಂದೇ ಜಾಗ ರಬ್ಬರಿನಿಂದ ತಿಕ್ಕಿ ತಿಕ್ಕಿ ಹಾಳಿ ತೂತು ಮಾಡುತ್ತಾರಲ್ಲ, ಹಂಗ. ಕೋಶಕ್ಕೆ ಒಂದೇ ಬಿಟ್ ಇಡುವ ಹಳೆಯ ಜಾತಿ ಸುಮಾರು 1 ಲಕ್ಷ ಸಲ ಅಳಿಸಿದರೂ ತಡೆಯುತ್ತಿತ್ತು. ಈಗಿನ ಅಗ್ಗದ ಕಾರ್ಡುಗಳಲ್ಲಿ ಒಂದೇ ಕೋಶಕ್ಕೆ ಮೂರು ಬಿಟ್ ತುಂಬುತ್ತಾರೆ. ಆಯುಷ್ಯ ಒಂದೆರಡು ಸಾವಿರಕ್ಕೆ ಇಳಿಯುತ್ತದೆ.

1 ಲಕ್ಷ ದೊಡ್ಡದೆನಿಸಬಹುದು. ಆದರೆ ಆಗಿನ ಕಂಪ್ಯೂಟರುಗಳ ಪದ್ಧತಿ ತಿರುಗುವ ಡಿಸ್ಕಿಗಾಗಿ ಮಾಡಿದ್ದು. ಯಾವ ಕಡತ ಎಲ್ಲಿದೆ ಎಂಬ ಪಟ್ಟಿ ಒಂದೇ ಗೊತ್ತಾದ ಜಾಗದಲ್ಲಿರುತ್ತಿತ್ತು; ಏನು ಉಳಿಸಿದರೂ ಆ ಪಟ್ಟಿಯನ್ನು ತಿದ್ದಬೇಕು. ನಿಮಿಷಕ್ಕೊಮ್ಮೆ ತಿದ್ದಿದರೆ 1 ಲಕ್ಷ ಮುಗಿಯುವುದು ಸುಮಾರು 70 ದಿನಕ್ಕೆ! ಉಳಿದ ಭಾಗವೆಲ್ಲ ಹೊಸದರ ಹಾಗೇ ಇದ್ದರೂ ಕಾರ್ಡು ಸತ್ತಂತೆಯೇ. ಅದೇ ಕೆಲಸವನ್ನು 1000 ಭಾಗಗಳಿಗೆ ಸಮನಾಗಿ ಹಂಚಿದರೆ ಕಾಗದದ ಲೆಕ್ಕಕ್ಕೆ 190 ವರ್ಷ ಬರುತ್ತದೆ.

ಈ ಹಂಚಿಕೆಯ ಉಪಾಯಕ್ಕೆ 1991ರಲ್ಲಿ ಅಮೆರಿಕದ ಸನ್‌ಡಿಸ್ಕ್ ಪೇಟೆಂಟಿಗೆ ಅರ್ಜಿ ಹಾಕಿತು. ಇಂದಿನ ಸ್ಯಾನ್‌ಡಿಸ್ಕ್ ಅದೇ. 1988ರಲ್ಲಿ ಅದನ್ನು ಕಟ್ಟಿದ ಮೂವರಲ್ಲಿ ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ ಒಬ್ಬರು. ಯಾವ ಭಾಗ ಹೆಚ್ಚು ದುಡಿದಿದೆ, ಯಾವುದು ಕಡಿಮೆ ಎಂದು ಗಮನಿಸುತ್ತಿದ್ದು, ವ್ಯತ್ಯಾಸ ಕಂಡಾಗ ಎರಡರ ವಿಳಾಸ ಅದಲುಬದಲು ಮಾಡುವುದು ಅದರ ಸಾರ. ಪೇಟೆಂಟು ಕೈಗೆ ಬಂದದ್ದು 2001ರಲ್ಲಿ, ಹತ್ತು ವರ್ಷ ಕಳೆದ ಮೇಲೆ. ನಡುವೆ 1993ರಲ್ಲಿ ಇಸ್ರೇಲಿನ ಎಂ-ಸಿಸ್ಟಮ್ಸ್ ಕಂಪನಿಯ ಅಮೀರ್ ಬಾನ್ ಇನ್ನೊಂದು ಅರ್ಜಿ ಹಾಕಿದರು. ಕಂಪ್ಯೂಟರು ಹೇಳುವ ನಂಬರು ಬೇರೆ, ಚಿಪ್ಪಿನೊಳಗಿನ ನಿಜವಾದ ಜಾಗ ಬೇರೆ. ಎರಡನ್ನೂ ಹೊಂದಿಸಲು ನಡುವೆ ಒಂದು ಪಟ್ಟಿ. ಕಂಪ್ಯೂಟರು "5ನೇ ಹಾಳಿಯಲ್ಲಿ ಬರೆ" ಅಂದಾಗ ಚಿಪ್ಪು ಖಾಲಿ ಇರುವ ಬೇರೊಂದು ಹಾಳಿಯಲ್ಲಿ ಬರೆದು, ಇನ್ನು ಇದೇ 5 ಅಂತ ಗುರುತು ಮಾಡಿಕೊಳ್ಳುತ್ತದೆ. ಕೇಳಿದವರಿಗೆ ಗೊತ್ತೇ ಆಗುವುದಿಲ್ಲ.

ನನಗೆ ಇದರಲ್ಲಿ ಹೆಚ್ಚು ಹಿಡಿಸಿದ್ದು ಬೇರೆ. ಒಮ್ಮೆ ಬರೆದು ಎಂದೂ ಮುಟ್ಟದ ಕಡತ, ಹಳೆಯ ಫೋಟೊ ಇದ್ದ ಹಾಗೆ, ಕೂತ ಜಾಗ ಸವೆಯುವುದೇ ಇಲ್ಲ. ಒಂದು ಎತ್ತು ಕೊಟ್ಟಿಗೆಯಾಗ ಮೇಯುತ್ತ ನಿಂತು, ಇನ್ನೊಂದೇ ಹೊಲ ಹೂಡಿದಂತೆ. ಅದಕ್ಕೇ ಒಳ್ಳೆಯ ಚಿಪ್ಪು ಆ ಸುಮ್ಮನಿರುವ ಕಡತವನ್ನೂ ಆಗಾಗ ಎಬ್ಬಿಸಿ, ದಣಿದ ಜಾಗಕ್ಕೆ ಕಳಿಸಿ, ತಾಜಾ ಜಾಗವನ್ನು ದುಡಿಮೆಗೆ ಹಚ್ಚುತ್ತದೆ. ಹೀಗೆ ಎಬ್ಬಿಸುವುದೂ ಒಂದು ಬರಹವೇ, ಅದಕ್ಕೂ ಸವೆತದ ಖರ್ಚು ಇದೆ.

ಹಂಚಿದ ಮಾತ್ರಕ್ಕೆ ಒಟ್ಟು ಆಯುಷ್ಯ ಬೆಳೆಯುವುದಿಲ್ಲ. ಟೆಸ್ಲಾ ಕಂಪನಿಯ ಎಸ್ ಮತ್ತು ಎಕ್ಸ್ ಕಾರುಗಳಲ್ಲಿ 8 ಜಿಬಿಯ ಫ್ಲ್ಯಾಷ್ ಇತ್ತು, ಆಯುಷ್ಯ ಸುಮಾರು 3000 ಸಲ. ಕಾರು ದಿನಾ ಬರೆಯುತ್ತ ಹೋಗಿ ಐದಾರು ವರ್ಷಕ್ಕೆ ಅದು ಮುಗಿಯತೊಡಗಿತು. ಹಿಂದೆ ನೋಡುವ ಕ್ಯಾಮೆರಾದ ಚಿತ್ರವೇ ಬಾರದಾಯಿತು. 2021ರ ಫೆಬ್ರವರಿಯಲ್ಲಿ ಅಮೆರಿಕದಲ್ಲಿ ಸುಮಾರು 1,35,000 ಕಾರುಗಳನ್ನು ದುರಸ್ತಿಗೆ ಕರೆಸಬೇಕಾಯಿತು.

ನಮ್ಮ ಕಾರ್ಡೂ ಹಾಗೇ ಮುಗಿದಿರಬೇಕು. ಹಾಡಿದ ನಾಲ್ವರಲ್ಲಿ ಮೂವರು ಈ ಸುಗ್ಗಿಯಾಗ ಮತ್ತೆ ಕೂತು ಹಾಡಿದರು, ನಾಲ್ಕನೆಯವರು ಈಗಿಲ್ಲ. ಈ ಸಲ ಹೊಸ ಕಾರ್ಡು ತಂದಿದ್ದೇವೆ, ಇನ್ನೊಂದು ಪ್ರತಿ ಶಾಲೆಯ ಕಂಪ್ಯೂಟರಿನಾಗ ಅದ.