ಗಿರಣಿ ಮುಚ್ಚಿದ ತಾರೀಖು

ಮುಂಬೈನ ಗಿರಣಗಾಂವ್‌ನಲ್ಲಿ 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರಕ್ಕಿಳಿದ ಸುಮಾರು ಎರಡೂವರೆ ಲಕ್ಷ ಜವಳಿ ಕಾರ್ಮಿಕರಲ್ಲಿ ಬಹಳಷ್ಟು ಮಂದಿ ಮತ್ತೆ ಗಿರಣಿಯ ಒಳಗೆ ಕಾಲಿಡಲಿಲ್ಲ. ಕೇಂದ್ರ ಸರ್ಕಾರದ ಜವಳಿ ಕಾರ್ಮಿಕರ ಪುನರ್ವಸತಿ ನಿಧಿ ಬಂದದ್ದು 1986ರ ಸೆಪ್ಟೆಂಬರ್‌ನಲ್ಲಿ. ಗಿರಣಿ ಕಾಯಂ ಆಗಿ ಮುಚ್ಚಿದರೆ ಮೊದಲ ವರ್ಷ ಸಂಬಳದ ಶೇ. 75, ಎರಡನೇ ವರ್ಷ ಶೇ. 50, ಮೂರನೇ ವರ್ಷ ಶೇ. 25 ಸಿಗುತ್ತಿತ್ತು. ಅಷ್ಟರಲ್ಲಿ ಆತ ಬೇರೆ ದಾರಿ ಹುಡುಕಿಕೊಳ್ಳಬೇಕಿತ್ತು.

ಲೆಕ್ಕ ಸರಿಯೇ. ಆದರೆ ಹಣ ಸಿಗಲು, ಮುಚ್ಚಿದ ದಿನ ಆತ ಆ ಗಿರಣಿಯ ನೌಕರನಾಗಿರಬೇಕಿತ್ತು, ಐದು ವರ್ಷದ ಸೇವೆಯೂ ಆಗಿರಬೇಕಿತ್ತು. ಮುಷ್ಕರದಲ್ಲೇ ಕೆಲಸ ಕಳೆದುಕೊಂಡವನಿಗೆ ಆ ತಾರೀಖು ಎಲ್ಲಿಂದ ಬರಬೇಕು? ನೆರವು ಸಿಕ್ಕವನ ಪಾಡೂ ವಿಚಿತ್ರ: ಇನ್ನೊಂದು ನೋಂದಾಯಿತ ಕಾರ್ಖಾನೆಯಲ್ಲಿ ಕೆಲಸ ಹಿಡಿದರೆ ಹಣ ಅಲ್ಲಿಗೇ ನಿಲ್ಲುತ್ತಿತ್ತು.