ಅರ್ಧ ಬಾಟ್ಸನ್ನಿನ ಋಣ

ಬೆಂಗಳೂರಿನಲ್ಲಿ ಕಿಟ್ಟೆಲ್ಲರ ಪ್ರತಿಮೆಯಿದೆ. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ; ಪದಗಳು ಸುಮಾರು 70,000. ಇಷ್ಟು ವರ್ಷ ಆ ಮಿಷನ್ನನ್ನು ಸಾಕಿದವರು ಯಾರು?

ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದ ರೇಷ್ಮೆ ರಿಬ್ಬನ್ ಉದ್ಯಮಿ ಕಾರ್ಲ್ ಸರಾಸಿನ್ 1850ರ ದಶಕದಲ್ಲಿ ಒಂದು ಉಪಾಯ ಹೂಡಿದರು. ದೊಡ್ಡ ದಾನಿಗಳನ್ನಷ್ಟೇ ನೆಚ್ಚದೆ, ಸಾಮಾನ್ಯರಿಂದ ತಲೆಗೆ ವಾರಕ್ಕೆ ಅರ್ಧ ಬಾಟ್ಸನ್ ಎತ್ತುವುದು. ಅಂದರೆ ಐದು ರಾಪನ್, ಒಂದು ಫ್ರಾಂಕಿನ ಇಪ್ಪತ್ತನೆಯ ಒಂದು ಪಾಲು. (ಬಾಟ್ಸನ್ ಹಳೆಯ ನಾಣ್ಯ. 1850ರ ಸುಧಾರಣೆಯಲ್ಲಿ ಅದು ಹೋದರೂ ನಮ್ಮ ನಾಲ್ಕಾಣೆಯಂತೆ ಹೆಸರು ಜನರ ಬಾಯಲ್ಲಿ ಉಳಿದಿತ್ತು.) ವಂತಿಗೆ ಎತ್ತುವವರು ತಮ್ಮ ಪಾಲಿನ ಮನೆಗಳಿಗೆ ಹೋಗಿ ವಸೂಲು ಮಾಡುತ್ತಿದ್ದರು. ಕೊಟ್ಟವರಲ್ಲಿ ಬಹುಪಾಲು ಮಂದಿ ಮಂಗಳೂರನ್ನು ನೋಡಿದವರಲ್ಲ, ಕನ್ನಡದ ಒಂದಕ್ಷರ ಬಲ್ಲವರೂ ಅಲ್ಲ.

ಅವರ ಬಯಕೆ ಮತಪ್ರಚಾರ, ಅದನ್ನು ಮರೆಮಾಚಬೇಕಿಲ್ಲ. ಕಿಟ್ಟೆಲ್ಲರ ಅತಿಯಾದ ಭಾಷಾವ್ಯಾಸಂಗದ ಬಗ್ಗೆ ಮಿಷನ್ನಿನೊಳಗೇ ಗೊಣಗಾಟವಿತ್ತು. ದುಡ್ಡು ಕೊಟ್ಟವರು ಕೇಳಿದ್ದು ಒಂದು, ನಮಗೆ ದಕ್ಕಿದ್ದು ಇನ್ನೊಂದು. ಆದರೂ ಆ ವಾರದ ಕಾಸಿನ ವಸೂಲಿ ಇಪ್ಪತ್ತನೆಯ ಶತಮಾನಕ್ಕೂ ಮುಂದುವರಿಯಿತು.